ಪಾಲವ್ವ ಕೇಳಿಸಿಕೊಂಡ ‘ಸಾಕು’

ಮಂಗಳ ಗ್ರಹದ ಮೇಲಿರುವ ಕೆಂಬಯಲು ಊರಿನ ಶಾಸನಸಭೆಯಲ್ಲಿ ನಲವತ್ತು ಸದಸ್ಯರು, ಒಬ್ಬ ಸಭಾಧ್ಯಕ್ಷೆ, ನಾನೂರು ಮಂದಿಗೆ ಆಗುವಷ್ಟು ಬಾಯಿ. ಆ ಸೋಮವಾರ ಅಷ್ಟೂ ಬಾಯಿ ಒಟ್ಟಿಗೇ ತೆರೆದಿದ್ದವು.

ಕಾರಣ, ಸಮಪಾಲು ಮಸೂದೆ. ಅದನ್ನು ತಂದವಳು ಹಂಚಿಕೆ ಮಂತ್ರಿ ನೀಲಗಂಗಾ ಹೂಲಿಕಟ್ಟಿ. ಅದನ್ನು ಬೀಳಿಸಲು ಟೊಂಕ ಕಟ್ಟಿ ನಿಂತವರು ವಿರೋಧ ಪಕ್ಷದ ನಾಯಕ ಶಿವಪುತ್ರಪ್ಪ ಬಳಿಗಾರ. ಸಾಲದ್ದಕ್ಕೆ ಇಬ್ಬರೂ ಬೀಗರು. ನೀಲಗಂಗಾಳ ಮಗಳು ಚಂಪಾಳನ್ನು ಶಿವಪುತ್ರಪ್ಪನವರ ಮಗನಿಗೆ ಕೊಟ್ಟಿತ್ತು. ಸಭೆಯೊಳಗೆ ಒಬ್ಬರ ಮೇಲೊಬ್ಬರು ಹರಿಹಾಯ್ದು, ಹೊರಗೆ ಬಂದ ಕೂಡಲೇ “ಚಹಾ ಕುಡೀದ ಹೋದ್ರ ನೋಡ್ರಿ ಮತ್ತ” ಎಂದು ಕೈಹಿಡಿದು ಜಗ್ಗಾಡುವ ಪೈಕಿ. ಊರು ಕಟ್ಟಿದವರೆಲ್ಲ ಭೂಮಿಯ ಧಾರವಾಡ, ಗದಗ, ಹಾವೇರಿ ಕಡೆಯವರು. ಎರಡು ತಲೆಮಾರು ಕಳೆದರೂ ಮಾತು ಬದಲಾಗಿರಲಿಲ್ಲ, ಮರ್ಯಾದೆಯೂ ಬದಲಾಗಿರಲಿಲ್ಲ.

ಮಸೂದೆ ಹೇಳುವುದು ಇಷ್ಟು. ಊರಿನ ಸುರಂಗಗಳಲ್ಲಿ ದೀಪದ ಬೆಳಕಿಗೆ ಬೆಳೆಯುವ ಜೋಳ, ಕಡಲೆ, ಕಾಯಿಪಲ್ಲೆ ಎಲ್ಲವೂ ಎಲ್ಲರದು. ಯಾರೂ ಅರ್ಜಿ ಬರೆಯಬೇಕಿಲ್ಲ, ಉಗ್ರಾಣದ ಮುಂದೆ ಸಾಲಿನಲ್ಲಿ ನಿಲ್ಲಬೇಕಿಲ್ಲ. ಯಾರಿಗೆ ಎಷ್ಟು ಬೇಕೆಂದು ಒಂದು ಯಂತ್ರವೇ ಅರಿತುಕೊಂಡು ಬಡಿಸುತ್ತದೆ. ಅದರ ಸರಕಾರಿ ಹೆಸರು ಒಂದೂವರೆ ಸಾಲು ಉದ್ದ, ಜನ ಕರೆಯುವುದು ಪಾಲವ್ವ. ಊಟದ ಜಾಗದ ಮೇಲೆ ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಕಿವಿ ಇರುತ್ತದೆ. ಕೂತವರ ಬೇಕು, ಬೇಡ, ಸಾಕುಗಳನ್ನು ಅದು ಕೇಳಿಸಿಕೊಳ್ಳುತ್ತದೆ. ನಾಳೆ ಯಾರ ಪಾಲು ಎಷ್ಟು, ಮುಂದಿನ ತಿಂಗಳು ಯಾವ ಸುರಂಗದಲ್ಲಿ ಎಷ್ಟು ದೀಪ ಉರಿಯಬೇಕು ಎಂಬುದೆಲ್ಲ ಅದರಿಂದಲೇ ತೀರ್ಮಾನ. ಒಂದೇ ತೊಡಕು, ಪಾಲವ್ವನ ಅಂದಾಜು ತಪ್ಪಬಾರದೆಂದರೆ ಮನೆಮನೆಯ ಒಲೆ ಆರಬೇಕು. ಅಡುಗೆಯೆಲ್ಲ ಓಣಿಯ ಅಡುಗೆಮನೆಯಲ್ಲೇ ಆಗಬೇಕು. ಮೂರನೇ ಓಣಿಯಲ್ಲಿ ಮೂರು ತಿಂಗಳಿಂದ ಇದರ ಪರೀಕ್ಷೆ ನಡೆದಿತ್ತು. ನೀಲಗಂಗಾಳ ಮನೆಯೂ ಅಲ್ಲೇ. ಮೊದಲ ಕಿವಿ ತನ್ನ ಮನೆಗೇ ಹಾಕಿ ಎಂದು ಹಟ ಹಿಡಿದವಳು ಅವಳು.

“ಸಮಪಾಲಿಗೆ ನಾ ಅಡ್ಡ ಬರಾಂವ ಅಲ್ರಿ, ಸಭಾಧ್ಯಕ್ಷರ,” ಎಂದು ಶಿವಪುತ್ರಪ್ಪನವರು ಮೀಸೆ ನೀವುತ್ತ ಶುರುಮಾಡಿದರು. “ಎಲ್ಲಾರೂ ಹೊಟ್ಟಿ ತುಂಬ ಉಣ್ಲಿ. ಆದ್ರ ನನ್ನ ತಲಿ ಮ್ಯಾಲೆ ಸರಕಾರದ ಕಿವಿ ಯಾಕ? ನಾವು ಗಂಡ ಹೆಂಡ್ತಿ ಜಗಳಾಡೂದನ್ನೂ ಮಂತ್ರಿಗಳು ಕೇಳಬೇಕೇನು?”

“ನಿಮ್ಮ ಜಗಳ ಕೇಳಾಕ ಯಂತ್ರ ಬೇಕಾಗಿಲ್ರೀ, ಇಡೀ ಓಣಿಗೆ ಕೇಳಸ್ತೈತಿ!” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಸಭೆ ಗೊಳ್ಳೆಂದಿತು. ಶಿವಪುತ್ರಪ್ಪನವರೂ ನಕ್ಕರು, ಆಮೇಲೆ ಮೇಜು ಗುದ್ದಿದರು.

“ನಗ್ರಿ, ನಗ್ರಿ. ನನ್ನ ಮನ್ಯಾಗ ನನ್ನ ಒಲಿ ಇರಬೇಕು. ಖಾರ ಬೇಕಂದ್ರ ಖಾರ, ಉಪಾಸ ಇರಬೇಕನಿಸಿದ್ರ ಉಪಾಸ. ಅದು ನನ್ನ ಸ್ವಾತಂತ್ರ್ಯ. ಅದನ್ನ ಯಾವ ಸಮಾನತೆಗೂ ನಾ ಬಿಟ್ಟುಕೊಡಾಂವಲ್ಲ.”

ನೀಲಗಂಗಾ ಎದ್ದಳು. “ಹಸದಾಂವಗ ಯಾವ ಸ್ವಾತಂತ್ರ್ಯರಿ ಬೀಗ್ರ?” ಎಂದವಳೇ ನಾಲಿಗೆ ಕಚ್ಚಿಕೊಂಡಳು. “ಅಲ್ಲ, ಸನ್ಮಾನ್ಯ ವಿರೋಧ ಪಕ್ಷದ ನಾಯಕರ. ಮೊದಲಿನ ಕಾಲದಾಗ ಉಗ್ರಾಣದ ಕಿಟಕಿ ಮುಂದ ನಿಂತು, ನಮ್ಮ ಮನ್ಯಾಗ ಇಷ್ಟು ಬಾಯಿ ಅದಾವ, ಇಷ್ಟು ಕೊಡ್ರಿ ಅಂತ ಕೇಳಬೇಕಾಗ್ತಿತ್ತು. ಆ ಕೇಳೂ ಸಂಕಟ ಇರೋತನಕ ಮನಷ್ಯಾ ಸ್ವತಂತ್ರ ಅಲ್ಲ.”

ಆ ಕಿಟಕಿಯ ಮುಂದೆ ನಿಂತವಳು ಅವಳ ತಾಯಿ. ಕೇಳಲು ನಾಚಿಕೆಪಟ್ಟು ಅರ್ಧ ಚೀಲ ತರುತ್ತಿದ್ದಳು. ಯಾರಿಗೂ ಕೈಯೊಡ್ಡುವ ಪ್ರಸಂಗವೇ ಬಾರದ ಊರು ಕಟ್ಟಬೇಕು ಎಂದು ನೀಲಗಂಗಾ ಇಪ್ಪತ್ತು ವರ್ಷ ದುಡಿದದ್ದು ಆ ಅರ್ಧ ಚೀಲದಿಂದಾಗಿ.

ಶಿವಪುತ್ರಪ್ಪನವರು ಜೇಬಿನಿಂದ ಒಂದು ಹಾಳೆ ತೆಗೆದರು. “ಹಂಗಾದ್ರ ಇದೇನು? ಡಾಕ್ಟರ ವರದಿ. ಮೂರನೇ ಓಣ್ಯಾಗ ಮೂರು ತಿಂಗಳಿಗೆ ದೊಡ್ಡವರು ಸರಾಸರಿ ಮೂರು ಕಿಲೋ ಇಳದಾರ. ಹೊಸ ಸೊಸೆಯಂದ್ರು ಐದು! ಉಗ್ರಾಣ ತುಂಬಿ ತುಳಕತೈತಿ, ಮಂದಿ ಸೊರಗತಾರ. ಇದ್ಯಾವ ಸಮಪಾಲು?”

ಸಭೆಯ ಅರ್ಧ ಮಂದಿ ಎದ್ದು ನಿಂತರು. ಈಚೆಗೆ ಕುಪ್ಪಸವೆಲ್ಲ ಸಡಿಲಾಗಿರುವುದು ನೀಲಗಂಗಾಳಿಗೆ ಆಗ ನೆನಪಾಯಿತು. ಮಸೂದೆಯ ಚಿಂತೆಗೆ ಹಾಗಾಗಿದೆ ಎಂದುಕೊಂಡಿದ್ದಳು.

ಸಭಾಧ್ಯಕ್ಷೆ ದುರುಗವ್ವ ಮಾದರ ಗಂಟೆ ಬಾರಿಸಿದರು. ಅವರ ಮಾತು ಯಾವಾಗಲೂ ಗಿಡ್ಡ. “ಶುಕ್ರವಾರ ಮತಕ್ಕ ಹಾಕ್ತೀನಿ. ಅಷ್ಟರಾಗ ಕಾರಣ ಹೇಳ್ರಿ. ಹೇಳದಿದ್ರ ಮಸೂದೆನೂ ಬಿತ್ತು, ಯಂತ್ರಾನೂ ಬಂದ್. ಸಾಕು, ಎಲ್ಲಾರೂ ಕೂಡ್ರಿ.”

ಎಲ್ಲರೂ ಕೂತರು. ದುರುಗವ್ವ ‘ಸಾಕು’ ಎಂದರೆ ಸಾಕೇ.

*

ಪಾಲವ್ವನ ನಿಯಂತ್ರಣ ಕೋಣೆ ಶಾಸನಸಭೆಯ ಕೆಳಗೇ ಇತ್ತು. ಅದನ್ನು ಕಟ್ಟಿದ ಎಂಜಿನಿಯರ್ ಮೆಹರುನ್ನೀಸಾ ಕಿತ್ತೂರ ಪರದೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

“ಎಲ್ಲಾ ಸರಿ ಐತ್ರಿ ಅಕ್ಕಾರ,” ಎಂದಳು. “ಕಿವಿ ಸರಿ ಅದಾವ. ತಕ್ಕಡಿ ಸರಿ ಅದಾವ. ಇದನ್ನ ನೋಡ್ರಿ, ಮೂರನೇ ಓಣಿ, ನಿನ್ನಿ ಊಟ. ಇನ್ನೂರಾ ಹನ್ನೆರಡು ಮಂದಿ, ಎಲ್ಲಾರ ಮುಂದೂ ಹಸಿರು ದೀಪ. ತೃಪ್ತಿ, ತೃಪ್ತಿ, ತೃಪ್ತಿ. ಯಾರೂ ಇನ್ನಷ್ಟು ಬೇಕು ಅಂದಿಲ್ಲ.”

“ಮಕ್ಕಳು?”

“ಐದು ವರ್ಷದೊಳಗಿನವು ಬೇಕು ಬೇಕು ಅಂತ ಒಂದೇ ಸಮನೆ ಒದರತಾವ. ಅವು ಚೊಲೋ ಗುಂಡಗುಂಡಗ ಆಗ್ಯಾವ. ದೊಡ್ಡವರದs ತ್ರಾಸು.”

ಇಬ್ಬರೂ ಎರಡು ದಿನ ತಡಕಾಡಿದರು. ಜೋಳದಲ್ಲಿ ಸತ್ವ ಕಡಿಮೆಯಾಗಿದೆಯೇ ನೋಡಿದರು, ಇರಲಿಲ್ಲ. ನೀರಿನ ಪರೀಕ್ಷೆ ಮಾಡಿಸಿದರು, ನೀರು ಶುದ್ಧ. ನಿಮಗೆ ಊಟ ಸಾಲುತ್ತದೆಯೇ ಎಂದು ನೀಲಗಂಗಾ ಮನೆಮನೆಗೆ ಹೋಗಿ ಕೇಳಿದಳು. “ಅಯ್ಯ, ಭಾಳ ಆಗತೈತ್ರಿ ಅಕ್ಕಾರ, ನಮಗೇನು ಕಡಿಮಿ!” ಎಂದು ಎಲ್ಲರೂ ನಕ್ಕು ಕಳಿಸಿದರು. ಒಬ್ಬ ಮುದುಕನಂತೂ ಸಡಿಲವಾದ ಧೋತರವನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಹಾಗೆ ಹೇಳಿದ.

“ಮೆಹರೂ, ಈ ಯಂತ್ರಕ್ಕ ನಮ್ಮ ಮಾತು ಯಾರು ಕಲಿಸಿದ್ರು?” ಎಂದು ನೀಲಗಂಗಾ ದಣಿದು ಕೇಳಿದಳು.

“ಯಾರ ಕಲಿಸ್ತಾರ್ರಿ? ಊರಾಗ ಬರದಿಟ್ಟ ಕನ್ನಡ ಅಂದ್ರ ನಿಮ್ಮ ಶಾಸನಸಭೆ ನಡಾವಳಿ ಒಂದs. ಐವತ್ತು ವರ್ಷದ್ದು, ಒಂದಕ್ಷರ ಬಿಡದಂಗ ಐತಿ. ಅದನ್ನs ಓದಿಸಿವಿ.”

ಅದರಲ್ಲಿ ಏನಾದರೂ ತಪ್ಪಿರಬಹುದೆಂದು ಇಬ್ಬರಿಗೂ ಅನಿಸಲಿಲ್ಲ. ಅಚ್ಚುಕಟ್ಟಾದ ಕನ್ನಡ ಅದು.

*

ಬುಧವಾರ ಮಧ್ಯಾಹ್ನ ನೀಲಗಂಗಾಳ ಮನೆಯಲ್ಲಿ ತೊಟ್ಟಿಲ ಕಾರ್ಯ. ಚಂಪಾ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸಿಗೆ ಹೆಸರಿಡಲು ಬೀಗರು ಬಂಧು ಬಳಗ ಕಟ್ಟಿಕೊಂಡು ಬಂದಿಳಿದರು. ಸರಕಾರ ಬೀಳಲಿ, ಯಂತ್ರ ಬೀಳಲಿ, ಬೀಗರ ಉಪಚಾರದಲ್ಲಿ ಕೊರತೆಯಾಗುವಂತಿಲ್ಲ. ಓಣಿಯ ಅಡುಗೆಮನೆಯಿಂದ ಬುಟ್ಟಿಗಟ್ಟಲೆ ಕಡಲೆಬೇಳೆಯ ಹೋಳಿಗೆ ಬಂದವು. ಕೂಸಿಗೆ ಹೆಸರು ಕೂಗಿದ್ದಾಯಿತು, ಹೆಸರಿಟ್ಟ ಸೋದರತ್ತೆಯಂದಿರು ಪದ್ಧತಿಯಂತೆ ಬೆನ್ನಿಗೆ ಗುದ್ದಿಸಿಕೊಂಡು ನಕ್ಕದ್ದಾಯಿತು. ಎರಡು ಪಂಕ್ತಿ ಕೂತವು.

ಮನೆಯವರು, ಓಣಿಯವರು ಕೂತ ಒಂದು ಪಂಕ್ತಿಗೆ ಪಾಲವ್ವನ ಬಡಿಸುವ ಗಾಡಿ ಬಂತು. ಗಾಲಿಯ ಮೇಲೆ ಸುಳಿದಾಡುವ ಆ ಗಾಡಿಗೆ ಒಂದು ಉದ್ದನೆಯ ಕೈ, ಕೈಯಲ್ಲೊಂದು ಚಮಚ. ಇನ್ನೊಂದು ಪಂಕ್ತಿಯಲ್ಲಿ ಬೀಗರು. ಬೀಗರಿಗೆ ಗಾಡಿಯಿಂದ ಬಡಿಸಿದರೆ ಮುಂದಿನ ಮೂರು ವರ್ಷ ಅದೇ ಮಾತು ಕೇಳಬೇಕಾಗುತ್ತದೆ ಎಂದು ನೀಲಗಂಗಾ ಸೆರಗು ಸಿಕ್ಕಿಸಿ ತಾನೇ ಬುಟ್ಟಿ ಎತ್ತಿಕೊಂಡಳು.

“ಬೀಗ್ರ, ಹೋಳಿಗಿ.”

“ಸಾಕ್ರಿ ಬೀಗತ್ಯಾರ, ಭಾಳ ಆತು,” ಎಂದರು ಶಿವಪುತ್ರಪ್ಪ.

ನೀಲಗಂಗಾ ಎರಡು ಹೋಳಿಗೆ ಹಾಕಿದಳು.

“ಅಯ್ಯಯ್ಯ, ಸಾಕಂದ್ರ ಕೇಳಂಗಿಲ್ಲ ನೋಡ್ರಿ ಇವರು!” ಎನ್ನುತ್ತಲೇ ಶಿವಪುತ್ರಪ್ಪನವರು ಹೋಳಿಗೆಯನ್ನು ಸರಿಯಾಗಿ ಮಡಚಿ ತುಪ್ಪಕ್ಕೆ ನಡುವೆ ಜಾಗ ಮಾಡಿಕೊಂಡರು. ನೀಲಗಂಗಾ ತುಪ್ಪ ಸುರಿದು ಮುಂದಿನವರ ಕಡೆ ತಿರುಗಿದಳು. ತಿರುಗಿದವಳು ಅಲ್ಲೇ ನಿಂತುಬಿಟ್ಟಳು.

ಸಾಕು ಅಂದರಲ್ಲ. ತಾನು ಹಾಕಿದೆನಲ್ಲ. ಕೈ ಒಂದು ಗಳಿಗೆಯೂ ತಡೆಯಲಿಲ್ಲ.

ಅವಳು ಆಚೆಯ ಪಂಕ್ತಿ ನೋಡಿದಳು. ಗಾಡಿ ಚಂಪಾಳ ಮುಂದೆ ನಿಂತಿತ್ತು. ಹೋಳಿಗೆ ಬೇಕೆ ಎಂದು ಮೃದುವಾಗಿ ಕೇಳಿತು. ಮಾವನ ಕಡೆಯವರೆಲ್ಲ ಎದುರಿಗೇ ಕೂತಿದ್ದಾರೆ. ಬಾಣಂತಿಯಾದರೇನು, ಚಂಪಾ ತಲೆ ತಗ್ಗಿಸಿ “ಸಾಕು” ಎಂದಳು. ಗಾಡಿ ಹಸಿರು ದೀಪ ಹಚ್ಚಿ ಮುಂದೆ ಹೋಯಿತು. ಪಕ್ಕದ ಹೆಂಗಸು “ಸಾಕು” ಎಂದಳು. ಗಾಡಿ ಹಸಿರು ದೀಪ ಹಚ್ಚಿತು. ಧೋತರ ಹಿಡಿದುಕೊಂಡಿದ್ದ ಮುದುಕ “ಸಾಕು, ಸಾಕು” ಎಂದ. ಎರಡು ಸಲ ಹಸಿರು ದೀಪ. ಇಡೀ ಪಂಕ್ತಿಯ ಕಣ್ಣು ಹೋಳಿಗೆಯ ಗಾಡಿ ಹೋದತ್ತಲೇ ಹೋಗುತ್ತಿತ್ತು.

ನೀಲಗಂಗಾಳಿಗೆ ಮೊದಲು ನಗು ಬಂತು. ಹೊಟ್ಟೆ ಹಿಡಿದುಕೊಂಡು ನಗುವಷ್ಟು ಬಂತು. ನಗುತ್ತ ನಗುತ್ತಲೇ ಅವಳ ತಾಯಿ ನೆನಪಾದಳು. ಅರ್ಧ ಚೀಲದ ಜೋಳದಲ್ಲಿ ರೊಟ್ಟಿ ಬಡಿದು, ಕೊನೆಯ ರೊಟ್ಟಿಯನ್ನು ಮಗಳ ಕಡೆ ಸರಿಸಿ “ನನಗ ಸಾಕವಾ, ನೀ ತಿನ್ನು” ಎನ್ನುತ್ತಿದ್ದವಳು. ಏಳು ವರ್ಷದ ನೀಲಗಂಗಾ ಅದನ್ನು ನಿಜವೆಂದೇ ನಂಬಿ ತಿನ್ನುತ್ತಿದ್ದಳು. ಎಷ್ಟು ಸಲ ನಂಬಿದ್ದಳೋ! ಈಗ ಹಾಗೇ ನಂಬುವ ಯಂತ್ರವೊಂದನ್ನು ಕಟ್ಟಿ ಊರ ತುಂಬ ಇಡಲು ಹೊರಟಿದ್ದಳು. ಅಮ್ಮನನ್ನು ಇನ್ನೊಂದು ಸಲ ಕೇಳಬೇಕಿತ್ತು, ಒಂದೇ ಒಂದು ಸಲ.

ಅವಳು ಬುಟ್ಟಿ ಹೊತ್ತು ಆ ಪಂಕ್ತಿಗೆ ನುಗ್ಗಿದಳು. ಮಗಳ ತಟ್ಟೆಗೆ ಎರಡು, ಪಕ್ಕದವಳಿಗೆ ಎರಡು. ಮುದುಕ “ಸಾಕವಾ, ಸಾಕು” ಎನ್ನುವಷ್ಟರಲ್ಲಿ ಮೂರು ಬಿದ್ದಿದ್ದವು. ಅವನು ಬೈಯುತ್ತ ಬೈಯುತ್ತ ಮೂರನ್ನೂ ತಿಂದು, ನಾಲ್ಕನೆಯದಕ್ಕೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ. ನೀಲಗಂಗಾ ಸರಿ ಎಂದು ಮುಂದೆ ಹೋದಳು.

“ಯವ್ವಾ, ಏನಾತು ನಿನಗ?” ಎಂದಳು ಚಂಪಾ, ಬಾಯಿತುಂಬ ಹೋಳಿಗೆ ಇಟ್ಟುಕೊಂಡು.

“ಏನಿಲ್ಲ ತಿನ್ನ. ಇವತ್ತ ನನ್ನ ಕೈ ನನಗಿಂತ ಶ್ಯಾಣ್ಯಾ ಆಗೇತಿ.”

*

ಗುರುವಾರ ಬೆಳಿಗ್ಗೆ ನಿಯಂತ್ರಣ ಕೋಣೆಯಲ್ಲಿ ಮೆಹರುನ್ನೀಸಾ ಹೋಳಿಗೆಯ ಕಥೆ ಕೇಳಿ ಹಣೆ ಬಡಿದುಕೊಂಡಳು. “ಯಾ ಅಲ್ಲಾ! ನಮ್ಮ ಮನ್ಯಾಗೂ ಹಂಗs ಅಲ್ಲೇನ್ರಿ? ಈದ್ ಹಬ್ಬದ ದಿನ ಬಿರಿಯಾನಿಗೆ ಮೂರು ಸಲ ಬೇಡ ಅನ್ನದಿದ್ರ ನಮ್ಮತ್ತಿ ನನ್ನ ಹೊಟ್ಟೆಬಾಕಿ ಅಂತಾಳ. ನಡಾವಳ್ಯಾಗ ಯಾರು ಯಾರಿಗೆ ಊಟಕ್ಕ ಬಡಿಸ್ಯಾರ್ರಿ? ಅಲ್ಲಿ ಸಾಕು ಅಂದಾಕಿ ದುರುಗವ್ವ ಒಬ್ಬಾಕಿನs. ಆಕಿ ಸಾಕು ಅಂದ್ರ ಖರೇನ ಸಾಕು.” ನಂತರ ಕಣ್ಣರಳಿಸಿ ಸೇರಿಸಿದಳು, “ಸರಿ ಮಾಡೂದು ಸುಲಭ ಐತಿ ಬಿಡ್ರಿ. ಮೊದಲನೇ ಸಾಕಿಗೆ ಒಂದು ಹೋಳಿಗಿ, ಎರಡನೇದ್ದಕ್ಕ ಅರ್ಧ, ಕೈ ಅಡ್ಡ ಬಂದ್ರ ಬಂದ್. ಒಂದು ತಾಸಿನಾಗ ಕಲಿಸಿಬಿಡ್ತೀನಿ.”

ನೀಲಗಂಗಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೆಹರುನ್ನೀಸಾ ಹೇಳಿದಂತೆ ಮಾಡಿದರೆ ಮಸೂದೆ ಇದ್ದಂತೆಯೇ ಉಳಿಯುತ್ತದೆ. ಆದರೆ ಹೊಸ ಸೊಸೆಯ ಸಾಕು ಬೇರೆ, ಸಿಟ್ಟಿನ ಸಾಕು ಬೇರೆ, ಮಕ್ಕಳಿಗೆ ಉಳಿಯಲೆಂದು ಹೇಳುವ ತಾಯಿಯ ಸಾಕೇ ಬೇರೆ. ಮುಖ ನೋಡದೆ ಇದು ಯಾವುದೆಂದು ತಿಳಿಯುವುದಿಲ್ಲ. ಮುಖ ನೋಡಲೆಂದು ಮನೆಮನೆಗೆ ಸರಕಾರದ ಕಣ್ಣನ್ನೂ ಹಾಕಿದರೆ ಬೀಗರು ಅನ್ನುವುದು ನಿಜವಾಗುತ್ತದೆ.

“ಬ್ಯಾಡ ಮೆಹರೂ,” ಎಂದಳು ಕೊನೆಗೆ. “ಕಿವಿ ಕಿತ್ತುಬಿಡೂಣು.”

“ಖರೇನ ಬ್ಯಾಡೋ, ಉಪಚಾರದ ಬ್ಯಾಡೋ?” ಎಂದು ಮೆಹರುನ್ನೀಸಾ ಕಣ್ಣು ಮಿಟುಕಿಸಿದಳು.

ನೀಲಗಂಗಾ ಅಂಗೈ ಅಡ್ಡ ಹಿಡಿದು ತೋರಿಸಿದಳು.

*

ಶುಕ್ರವಾರ ಸಭೆ ಕಿಕ್ಕಿರಿದಿತ್ತು. ಮೂರನೇ ಓಣಿಗೆ ಓಣಿಯೇ ಮೇಲಿನ ಗ್ಯಾಲರಿಯಲ್ಲಿ ಕೂತಿತ್ತು. ನೀಲಗಂಗಾ ತನ್ನ ತಪ್ಪನ್ನು ಮುಚ್ಚಿಡಲಿಲ್ಲ. ಹೋಳಿಗೆಯ ಕಥೆಯನ್ನು ಹೇಳಿದಳು, ತಾಯಿಯ ಕೊನೆಯ ರೊಟ್ಟಿಯ ಕಥೆಯನ್ನೂ ಹೇಳಿದಳು. ಮೊದಲ ಕಥೆಗೆ ಸಭೆ ಬಿದ್ದು ಬಿದ್ದು ನಕ್ಕಿತು, ಎರಡನೆಯದಕ್ಕೆ ದುರುಗವ್ವ ಕನ್ನಡಕ ತೆಗೆದು ಒರೆಸಿಕೊಂಡರು.

“ಅದಕ್ಕ ಮಸೂದೆ ತಿದ್ದೀನಿ,” ಎಂದಳು ನೀಲಗಂಗಾ. “ಬೆಳೆ ಎಲ್ಲಾರದು, ಪಾಲು ಎಲ್ಲಾರಿಗೂ. ಅದರಾಗ ಬದಲಿಲ್ಲ. ಸುರಂಗದ ದೀಪ, ಉಗ್ರಾಣದ ತೂಕ ಪಾಲವ್ವ ನೋಡಿಕೊಳ್ಳಲಿ. ಆದ್ರ ಯಾರ ಮನ್ಯಾಗೂ ಕಿವಿ ಇರಂಗಿಲ್ಲ. ಬಡಿಸೂದು ಮನಷ್ಯಾನ ಕೈಯಿಂದ. ಓಣಿಯವರು ಪಾಳಿ ಹಾಕ್ಕೊಂಡು ಬಡಸ್ಲಿ. ಸಾಕು ಅಂದವರನ್ನ ಇನ್ನೊಮ್ಮೆ ಕೇಳೂದು ಕಡ್ಡಾಯ. ಇದು ಮೂರನೇ ಕಲಮು.”

ಶಿವಪುತ್ರಪ್ಪನವರು ತಟ್ಟನೆ ಎದ್ದರು. “ತಡೀರಿ! ಒತ್ತಾಯ ಮಾಡಿ ಬಡಿಸೂದೂ ದಬ್ಬಾಳಿಕಿನs. ಬುಧವಾರ ನಾ ಎಂಟು ಹೋಳಿಗಿ ತಿಂದೀನಿ, ಸಭಾಧ್ಯಕ್ಷರ. ನನಗs ಗೊತ್ತು ನನ್ನ ಸಂಕಟ!” ನಗು ಅಡಗುವವರೆಗೆ ಕಾದು ಗಂಭೀರವಾಗಿ ಮುಂದುವರಿಸಿದರು. “ನಂದೊಂದು ತಿದ್ದುಪಡಿ. ಅಂಗೈ ಅಡ್ಡ ಹಿಡಿದ ಮ್ಯಾಲೆ ಯಾರೂ ಬಡಿಸಂಗಿಲ್ಲ. ಸರಕಾರ ಅಲ್ಲ, ಬೀಗರಲ್ಲ, ಹೆತ್ತ ತಾಯಿನೂ ಅಲ್ಲ. ಅನ್ನಕ್ಕಷ್ಟs ಅಲ್ಲ, ಕೆಲಸಕ್ಕೂ, ಮನಿ ಒಲಿಗೂ ಇದs ಮಾತು. ಬ್ಯಾಡ ಅಂತ ಕೈ ಅಡ್ಡ ಹಿಡಿಯೂದು ಮನಷ್ಯಾನ ಹಕ್ಕು.”

“ಒಪ್ಪಿದೆ,” ಎಂದಳು ನೀಲಗಂಗಾ. “ಅದು ನಾಕನೇ ಕಲಮು. ನಿಮ್ಮ ಒಲಿ ನಿಮಗ ಇರ್ಲಿ.”

ಗ್ಯಾಲರಿಯಿಂದ ಚಪ್ಪಾಳೆ ಬಿತ್ತು. ಆದರೆ ಮತ ಎಂದರೆ ಮತ. ಊರಿನ ಉಗ್ರಾಣಕ್ಕೆ ಸಂಬಂಧಿಸಿದ ಮಸೂದೆಗೆ ಇಪ್ಪತ್ತೊಂದು ‘ಹೌದು’ ಬೇಕು. ದುರುಗವ್ವ ಒಬ್ಬೊಬ್ಬರ ಹೆಸರು ಕೂಗುತ್ತ ಹೋದರು. ನಡಾವಳಿ ಬರೆಯುವ ಯಂತ್ರ ಗೋಡೆಯ ಮೇಲೆ ಹೌದು, ಇಲ್ಲ ಎಂದು ಮೂಡಿಸುತ್ತ ಹೋಯಿತು. ತಿದ್ದುಪಡಿ ಒಪ್ಪಿದ್ದರೂ ಪಕ್ಷದ ಪದ್ಧತಿ ಬಿಡದೆ ವಿರೋಧ ಪಕ್ಷದವರು ನಾಯಕನ ಕಡೆ ನೋಡಿ ನೋಡಿ ‘ಇಲ್ಲ’ ಎಂದರು. ಕೊನೆಗೆ ಗೋಡೆಯ ಮೇಲೆ ಇಪ್ಪತ್ತು ಹೌದು, ಹತ್ತೊಂಬತ್ತು ಇಲ್ಲ. ಉಳಿದದ್ದು ಒಂದೇ ಹೆಸರು.

“ಶಿವಪುತ್ರಪ್ಪ ಬಳಿಗಾರ. ಈ ಮಸೂದೆ ಬೇಕೋ, ಬ್ಯಾಡೋ?”

ಶಿವಪುತ್ರಪ್ಪನವರು ನಿಧಾನಕ್ಕೆ ಎದ್ದರು. ಮೀಸೆ ನೀವಿದರು. “ಬ್ಯಾಡ್ರಿ,” ಎಂದರು.

ಗೋಡೆಯ ಮೇಲೆ ‘ಇಲ್ಲ’ ಮೂಡಿತು. ಗ್ಯಾಲರಿ ಉಸ್ಸೆಂದಿತು. ನೀಲಗಂಗಾ ಬೆಂಚು ಹಿಡಿದುಕೊಂಡಳು. ಇಪ್ಪತ್ತು ವರ್ಷ ಒಂದು ಮಾತಿಗೆ ಹೋಯಿತು. ತಲೆಯೆತ್ತಿ ಬೀಗರ ಮುಖ ನೋಡಿದಳು. ಮುಖದ ಮೇಲೇನೂ ಇರಲಿಲ್ಲ. ಕೈ ನೋಡಿದಳು. ಎರಡೂ ಕೈ ಬೆನ್ನ ಹಿಂದೆ ಇದ್ದವು, ಅಂಗೈ ಅಡ್ಡ ಬಂದಿರಲಿಲ್ಲ.

ದುರುಗವ್ವನೂ ಅದನ್ನು ನೋಡಿದ್ದರು. ನಡಾವಳಿ ಯಂತ್ರವನ್ನು ತಡೆಯುವಂತೆ ಗುಮಾಸ್ತನಿಗೆ ಸನ್ನೆ ಮಾಡಿದರು. “ಬಳಿಗಾರ, ಇನ್ನೊಮ್ಮೆ ಕೇಳ್ತೀನಿ. ಬೇಕೇನು?”

“ಅಯ್ಯ, ಸಾಕ್ರಿ ಸಭಾಧ್ಯಕ್ಷರ. ನಮಗ್ಯಾಕ ಇಷ್ಟೊಂದು.”

ಈಗ ಇಡೀ ಸಭೆಗೆ ತಿಳಿಯಿತು. ಹಿಂದಿನ ಬೆಂಚಿನವರು ಮೇಜು ಕುಟ್ಟತೊಡಗಿದರು. ಗ್ಯಾಲರಿಯಿಂದ ಆ ಮುದುಕ “ಹಾಕ್ರಿ, ಹಾಕ್ರಿ, ಬಿಡಬ್ಯಾಡ್ರಿ ಅವರನ್ನ!” ಎಂದು ಕೂಗಿದ. ಶಿವಪುತ್ರಪ್ಪನವರು ನಾಚಿದ ಮದುಮಗನ ಹಾಗೆ ನೆಲ ನೋಡುತ್ತ ನಿಂತಿದ್ದರು.

ನೀಲಗಂಗಾ ತನ್ನ ಜಾಗ ಬಿಟ್ಟು ಎದ್ದಳು. ಆಡಳಿತ ಪಕ್ಷದ ಸಾಲು ದಾಟಿ, ನಡುವಿನ ಹಾದಿ ದಾಟಿ, ವಿರೋಧ ಪಕ್ಷದ ಮೊದಲ ಬೆಂಚಿನ ಮುಂದೆ ಹೋಗಿ ನಿಂತಳು. ಅವಳ ಕಣ್ಣು ತುಂಬಿತ್ತು, ನಗು ತಡೆಯಲಾಗುತ್ತಿರಲಿಲ್ಲ.

“ಬೀಗ್ರ,” ಎಂದಳು, “ನನ್ನ ಮಾತಿಗೆ ಒಂದು.”

“ಏನ್ ಬೀಗತ್ಯಾರೋ ಏನೋ,” ಎಂದು ಶಿವಪುತ್ರಪ್ಪನವರು ಕೈಗಳನ್ನು ಮುಂದೆ ತಂದು ಎರಡೂ ಅಂಗೈಯನ್ನು ಮೇಲ್ಮುಖವಾಗಿ ಬಿಡಿಸಿದರು. “ಹಾಕ್ರಿ ಹಂಗಾದ್ರ. ಇಷ್ಟು ಹೇಳಿದ ಮ್ಯಾಲೆ ನಾ ಒಲ್ಲೆ ಅಂದ್ರ ಚೊಲೋ ಅನಸ್ತೈತೇನು? ಹಾಕ್ರಿ, ನಂದೊಂದು ಓಟು.”

ಸಭೆ ಎದ್ದು ನಿಂತು ಕೂಗಿತು. ಗೋಡೆಯ ಮೇಲೆ ನಡಾವಳಿ ಯಂತ್ರ ಮಾತ್ರ ಇನ್ನೂ ‘ಇಲ್ಲ’ ಎಂದೇ ತೋರಿಸುತ್ತಿತ್ತು. ದುರುಗವ್ವ ಗುಮಾಸ್ತನಿಂದ ಪೆನ್ನು ಇಸಿದುಕೊಂಡು, ಐವತ್ತು ವರ್ಷದಲ್ಲಿ ಮೊದಲ ಸಲ, ನಡಾವಳಿಯ ಹಾಳೆಯ ಮೇಲೆ ತಮ್ಮ ಕೈಯಾರೆ ‘ಹೌದು’ ಎಂದು ಬರೆದರು.